ಠಾಣೆ ಅಂಗಳದ ಅರ್ಜೆಂಟ್ ಗಾಡಿ

ನಾನು ಒಂದು ಸಣ್ಣ ಸರಕಿನ ಗಾಡಿ. ಲಾರಿ ಅಂತ ಹೇಳಿಕೊಂಡರೆ ಲಾರಿಗಳು ನಗುತ್ತವೆ, ಆಟೊ ಅಂತ ಕರೆದರೆ ನನಗೆ ಸಿಟ್ಟು ಬರುತ್ತದೆ. ಪಿಕಪ್ ಅನ್ನಿ, ಸಾಕು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಮೂರು ಕಡೆ ಬಾಗಿಲು ಇಳಿಯುವ ತೊಟ್ಟಿ. ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಒಬ್ಬ ಬಾಗಿಲು ಜೋಡಿಸಿದ, ಇನ್ನೊಬ್ಬ ದೀಪ ಕೂರಿಸಿದ, ಯಾರೂ ನನ್ನ ಮುಖ ನೋಡಲಿಲ್ಲ. ಮಕ್ಕಳನ್ನು ಹೆತ್ತು ಹೀಗೆ ಸಾಲಾಗಿ ದೂಡುವ ತಾಯಿಯ ಮೇಲೆ ಪ್ರೀತಿ ಹೇಗೆ ಹುಟ್ಟಬೇಕು, ನೀವೇ ಹೇಳಿ.

ನನ್ನನ್ನು ಮೊದಲು ಕೊಂಡದ್ದು ಗದಗಿನ ಒಂದು ಬಿಸ್ಕತ್ತು ಏಜೆನ್ಸಿ. ಮಾಲೀಕರು ನನ್ನೊಳಗೆ ಒಂದು ದಿನವೂ ಕೂರಲಿಲ್ಲ. ಅವರಿಗೆ ಕಾರಿತ್ತು. ನನ್ನನ್ನು ಓಡಿಸುತ್ತಿದ್ದವನು ಫಕ್ಕೀರಪ್ಪ, ಬಡಕಲು ಆಳು, ದೊಡ್ಡ ಮೀಸೆ. ಏರು ಬಂದಾಗ ನನ್ನ ಡ್ಯಾಶ್‌ಬೋರ್ಡ್ ತಟ್ಟಿ 'ನಡಿ ಮಗನ' ಅನ್ನುತ್ತಿದ್ದ. ಆ ಮಾತಿಗೆ ನಾನು ಎಂಥ ಏರನ್ನೂ ಹತ್ತಿಬಿಡುತ್ತಿದ್ದೆ. ಅವನಿಗೆ ಏಜೆನ್ಸಿಯಲ್ಲಿ ಬೈಗುಳ ತಪ್ಪಿದ್ದಿಲ್ಲ. ಬಿಸ್ಕತ್ತು ಪುಡಿಯಾದರೂ ಅವನೇ, ಮಳೆ ಬಂದರೂ ಅವನೇ. ಎಲ್ಲ ಕೇಳಿಸಿಕೊಂಡು ಬಂದು ನನ್ನ ಬಾಗಿಲನ್ನು ಧಡ್ ಅಂತ ಹಾಕುತ್ತಿದ್ದ. ಅವರ ಮೇಲಿನ ಸಿಟ್ಟು ನನ್ನ ಮೇಲೆ.

ಏಜೆನ್ಸಿಗೆ ದೊಡ್ಡ ಗಾಡಿಗಳು ಬಂದವು. ನನ್ನನ್ನು ಮಾರುತ್ತಾರೆ ಅಂದಾಗ ಫಕ್ಕೀರಪ್ಪ ನೌಕರಿ ಬಿಟ್ಟು ನನ್ನನ್ನೇ ಕೊಂಡುಕೊಂಡ. ಕಾಗದ ಕೈಗೆ ಬಂದ ದಿನ ಅವನು ನನ್ನ ಬಾಗಿಲನ್ನು ಎಷ್ಟು ಮೆತ್ತಗೆ ಹಾಕಿದನೆಂದರೆ ಅದು ಕೂರಲೇ ಇಲ್ಲ, ಎರಡನೇ ಸಲ ಹಾಕಬೇಕಾಯಿತು. ಹೆಂಡತಿ ನೀಲವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಹಾಕಿದ. 'ಇನ್ನ ಮುಂದ ನನ್ನ ಯಾರೂ ಬೈಯೂದಿಲ್ಲ' ಅಂದ. ಅವಳು, 'ನಾ ಅದೀನಲ್ರಿ' ಅಂದಳು. ಇಬ್ಬರೂ ನಕ್ಕರು. ನಾನೂ ನಗುತ್ತಿದ್ದೆ, ಆದರೆ ನನ್ನ ನಗು ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಗೊತ್ತಾಗಬೇಕು.

ಊರಿನ ಟೆಂಪೊ ಸ್ಟ್ಯಾಂಡಿನಲ್ಲಿ ಪಾಳಿ ಪದ್ಧತಿ. ಮೊದಲು ಬಂದ ಗಾಡಿಗೆ ಮೊದಲ ಬಾಡಿಗೆ, ಹೊಸಬ ಹಿಂದೆ ನಿಂತು ನೊಣ ಹೊಡೆಯಬೇಕು. ಫಕ್ಕೀರಪ್ಪ ಅಲ್ಲಿಗೆ ಹೋಗಲಿಲ್ಲ. ನನ್ನ ಹಿಂಬಾಗಿಲಿನ ಮೇಲೆ ಕೆಂಪು ಬಣ್ಣದಲ್ಲಿ 'ಅರ್ಜೆಂಟ್ ಗಾಡಿ' ಅಂತ ದೊಡ್ಡದಾಗಿ ಬರೆಸಿ, ಕೆಳಗೆ ತನ್ನ ಫೋನ್ ನಂಬರು ಹಾಕಿಸಿದ. ಯಾರಿಗೆ ತುರ್ತಿದೆಯೋ ಅವರು ಕರೆಯಲಿ, ತಕ್ಷಣ ಹೊರಡುವುದು ಅವನ ಕಸುಬು. ಸ್ಟ್ಯಾಂಡಿನವರು ಆಡಿಕೊಂಡರು, ಅರ್ಜೆಂಟ್ ಅಂದರೆ ಸಂಡಾಸಕ್ಕೆ ಹೋಗುವುದು ಅಂತ. ಆಡಿಕೊಳ್ಳಲಿ ಬಿಡಿ. ಹತ್ತಿ ಗಿರಣಿಯ ಮೋಟಾರು ಸುಟ್ಟು ಗಿರಣಿಯೇ ನಿಂತಾಗ, ಹುಬ್ಬಳ್ಳಿಯಿಂದ ಬೇರೆ ಮೋಟಾರು ತಂದು ಇಳಿಸಿದವರು ನಾವು. ಅಕ್ಷತೆಯ ಹೊತ್ತು ಹತ್ತಿರ ಬಂದರೂ ಅಡುಗೆಯ ಪಾತ್ರೆ ಬಾರದ ಮದುವೆ ಮನೆಗೆ ಹಂಡೆ, ಕೊಪ್ಪರಿಗೆ ಮುಟ್ಟಿಸಿದವರೂ ನಾವೇ. ಬೀಗರು ಫಕ್ಕೀರಪ್ಪನನ್ನು ಒಳಗೆ ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಅವನು ಉಂಡು ಬಂದು ನನ್ನ ಸ್ಟೇರಿಂಗಿಗೆ ತಲೆಯಿಟ್ಟು ಕೂತ. ಅಷ್ಟು ಮರ್ಯಾದೆ ಅವನಿಗೆ ಅಭ್ಯಾಸವಿರಲಿಲ್ಲ.

ಇವನಲ್ಲಿ ಒಂದು ಗುಣವಿತ್ತು. ಬೋಣಿಗೆಯನ್ನು, ಅಂದರೆ ದಿನದ ಮೊದಲ ಗಿರಾಕಿಯನ್ನು, ಇಲ್ಲ ಅಂದು ಕಳಿಸುತ್ತಿರಲಿಲ್ಲ. ಕಳಿಸಿದರೆ ಆ ದಿನವೆಲ್ಲ ಕೈ ಖಾಲಿ ಅನ್ನುವ ನಂಬಿಕೆ. ಮಾರುಕಟ್ಟೆಯಲ್ಲಿ ಕೊತ್ತಂಬರಿ ಮಾರುವವಳಿಂದ ಹಿಡಿದು ಬಟ್ಟೆ ಅಂಗಡಿಯವನವರೆಗೆ ಎಲ್ಲರಿಗೂ ಇರುವ ನಂಬಿಕೆಯೇ. ಆದರೆ ಅವರು ಕೊತ್ತಂಬರಿ ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ. ಇವನು ಕೊಡಬೇಕಾದದ್ದು ನನ್ನನ್ನು.

ಒಂದು ಬೆಳಿಗ್ಗೆ ಬಿಳಿ ಅಂಗಿಯ ವ್ಯಾಪಾರಿಯೊಬ್ಬ ಬಂದ. ಕೊಪ್ಪಳದ ಕಡೆ ತೌಡಿನ ಚೀಲ ಮುಟ್ಟಿಸಬೇಕು, ಬಹಳ ಅರ್ಜೆಂಟ್, ದನ ಉಪವಾಸ ನಿಂತಿವೆ ಅಂದ. ಆಳುಗಳು ಬಂದು ಚೀಲ ಹೇರಿದರು. ಅಯ್ಯೋ, ತೌಡಂತೆ ತೌಡು. ತೌಡಾಗಿದ್ದರೆ ತೊಟ್ಟಿ ತುಂಬಿದರೂ ನಾನು ಹಗುರಾಗಿ ನಿಲ್ಲುತ್ತಿದ್ದೆ. ಅರ್ಧ ತುಂಬುವಷ್ಟರಲ್ಲಿ ನನ್ನ ಅಡಿಯ ಕಮಾನು ಪಟ್ಟಿಗಳು ನೆಟ್ಟಗಾಗಿ ಕಿರ್ ಅಂದವು. ಫಕ್ಕೀರಪ್ಪ ಬಗ್ಗಿ ನೋಡಿದ. ಇಷ್ಟು ವರ್ಷ ನನ್ನ ಜೊತೆ ಬಾಳಿದವನಿಗೆ ಗೊತ್ತಾಗದೆ ಇರುತ್ತದೆಯೇ. ನೀಲವ್ವ ರೊಟ್ಟಿ ಬುತ್ತಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳಿಗೂ ಗೊತ್ತಾಯಿತು.

'ಬ್ಯಾಡ್ರಿ,' ಅಂದಳು ಮೆಲ್ಲಗೆ. 'ಇದು ತೌಡಲ್ಲ.'

'ಬೋಣಗಿ ಐತಿ ನೀಲಾ. ಬೋಣಗಿ ಹೊತ್ತಿನ್ಯಾಗ ಇಲ್ಲಾ ಅನ್ನಬಾರ್ದು.'

ನನಗೆ ಬಾಯಿದ್ದಿದ್ದರೆ ಹೇಳುತ್ತಿದ್ದೆ. ಸೆಲ್ಫ್ ಹೊಡೆದಾಗ ಒಂದು ಸಲ ಬೇಕಂತಲೇ ಸ್ಟಾರ್ಟ್ ಆಗಲಿಲ್ಲ. ಎರಡನೇ ಸಲ 'ನಡಿ ಮಗನ' ಅಂದ. ಆ ಮಾತು ಕೇಳಿದರೆ ನಾನು ಸೋತೆ, ಏನು ಮಾಡಲಿ.

ದಾರಿಯಲ್ಲಿ ಚೆಕ್‌ಪೋಸ್ಟು. ಪೇದೆಯೊಬ್ಬ ಚೀಲಕ್ಕೆ ಕೈ ಹಾಕಿದ. ಮೇಲೊಂದು ಪದರ ತೌಡು, ಕೆಳಗೆಲ್ಲ ಅಕ್ಕಿ. ಬಡವರಿಗೆ ಹಂಚಬೇಕಾದ ರೇಷನ್ ಅಕ್ಕಿ. ಫಕ್ಕೀರಪ್ಪ ಬಿಳಿ ಅಂಗಿಯವನಿಗೆ ಫೋನ್ ಹಚ್ಚಿದ, ಮತ್ತೆ ಹಚ್ಚಿದ. ಆ ಫೋನು ಬಂದ್ ಆಗಿತ್ತು, ಮುಂದೆಯೂ ಹತ್ತಲಿಲ್ಲ. ಅಕ್ಕಿಯ ಧಣಿ ಯಾರು ಅಂದರೆ ಗೊತ್ತಿಲ್ಲ, ಗಾಡಿಯ ಧಣಿ ಯಾರು ಅಂದರೆ ಇವನು. ಇವನನ್ನು ಒಳಗೆ ಹಾಕಿದರು, ನನ್ನನ್ನು ಹೆದ್ದಾರಿ ಬದಿಯ ಠಾಣೆಯ ಅಂಗಳಕ್ಕೆ ತಳ್ಳಿದರು.

ಅಂದಿನಿಂದ ನನ್ನ ಹೆಸರು ಮುದ್ದೆಮಾಲು. ಜೋಳದ ರೊಟ್ಟಿಯ ಸೀಮೆಯಲ್ಲಿ ಬೆಳೆದ ನಾನು ಇದೇನೋ ಮಂಡ್ಯದ ಕಡೆಯವರ ಊಟ ಅಂದುಕೊಂಡಿದ್ದೆ. ಅಲ್ಲವಂತೆ. ಕೇಸಿನಲ್ಲಿ ಹಿಡಿದಿಟ್ಟ ವಸ್ತುವಿಗೆ ಹಾಗೆ ಕರೆಯುತ್ತಾರೆ. ನನ್ನ ಬಾಗಿಲಿನ ಮೇಲೆ ಬಿಳಿ ಬಣ್ಣದಲ್ಲಿ ಕೇಸಿನ ನಂಬರು ಗೀಚಿದರು. ನನ್ನ ಎಡಕ್ಕೆ ಮುಂಭಾಗ ಜಜ್ಜಿಹೋದ ಕಾರು, ಬಲಕ್ಕೆ ಮರಳು ಸಾಗಿಸಿ ಸಿಕ್ಕಿಬಿದ್ದ ಟ್ರ್ಯಾಕ್ಟರು, ಹಿಂದೆ ಕದ್ದ ಬೈಕುಗಳ ರಾಶಿ. ನಾನು ಕದ್ದವನಲ್ಲ, ಯಾರನ್ನೂ ಗುದ್ದಿದವನಲ್ಲ ಅಂತ ಯಾರಿಗೆ ಹೇಳಲಿ. ಹೋಗಿ ಬರುವ ಪೇದೆಗಳಿಗೆ ನನ್ನ ಬೆನ್ನ ಮೇಲಿನ ಬರಹವೇ ತಮಾಷೆ. 'ಏನೋ ಅರ್ಜೆಂಟ್, ಇನ್ನೂ ಹೊಂಟಿಲ್ಲೇನು?' ಅನ್ನುತ್ತಿದ್ದರು. ಬೇಸಿಗೆಯಲ್ಲಿ ನನ್ನ ಸೀಟು ಸೀಳಿತು, ಮಳೆಗಾಲದಲ್ಲಿ ಟೈರು ಮಣ್ಣಿಗಿಳಿಯಿತು. ಬ್ಯಾಟರಿ ಯಾವಾಗ ಮಾಯವಾಯಿತೋ. ಠಾಣೆಯಲ್ಲೇ ಕಳ್ಳತನವಾದರೆ ದೂರು ಕೊಡುವುದು ಎಲ್ಲಿ?

ಫಕ್ಕೀರಪ್ಪ ಜಾಮೀನಿನ ಮೇಲೆ ಹೊರಬಂದು ಪ್ರತಿ ಅಮಾವಾಸ್ಯೆಗೆ ಠಾಣೆಗೆ ಬರತೊಡಗಿದ. ಗಾಡಿಯವರು ಅವತ್ತು ಗಾಡಿಗೆ ಪೂಜೆ ಮಾಡುವುದು ವಾಡಿಕೆ. ಪೇದೆಗಳನ್ನು ಕಾಡಿ ಬೇಡಿ ಒಳಗೆ ಬರುತ್ತಿದ್ದ, ಬಕೆಟ್ ನೀರಿನಿಂದ ನನ್ನ ಮುಖ ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟುತ್ತಿದ್ದ. ಗಾಡಿ ಯಾವಾಗ ಬಿಡುತ್ತೀರಿ ಅಂತ ಕೇಳಿದರೆ, ರೇಷನ್ ಅಕ್ಕಿಯ ಕೇಸು, ಮೇಲಿನ ಸಾಹೇಬರು ತೀರ್ಮಾನಿಸಬೇಕು ಅನ್ನುತ್ತಿದ್ದರು. ಮೇಲಿನ ಸಾಹೇಬರು ಬದಲಾಗುತ್ತಲೇ ಇದ್ದರು. ಹೊಟ್ಟೆಪಾಡಿಗೆ ಅವನು ಮತ್ತೆ ಕಂಡವರ ಗಾಡಿ ಹತ್ತಿದ್ದ. ಅದನ್ನು ನನಗೆ ಹೇಳಲಿಲ್ಲ. ಪೂಜೆಯ ನಡುವೆ ಫೋನು ಬಂದರೆ ಆ ಕಡೆಯ ಬೈಗುಳ ನನಗೂ ಕೇಳಿಸುತ್ತಿತ್ತು. ಅವನು ನಾಚಿಕೆಯಿಂದ ಬೆನ್ನು ತಿರುಗಿಸಿ ಮಾತಾಡುತ್ತಿದ್ದ. ನಾನಿಲ್ಲಿ ಕಂಬಿಯಿಲ್ಲದ ಜೈಲಿನಲ್ಲಿ, ಅವನು ಅಲ್ಲಿ.

ಕೊನೆಗೊಂದು ವರ್ಷ ಹರಾಜಿನ ಆದೇಶ ಬಂತು. ಫಕ್ಕೀರಪ್ಪ ಒಗೆದ ಅಂಗಿ ತೊಟ್ಟು, ನೀಲವ್ವನನ್ನೂ ಕರೆದುಕೊಂಡು ಬಂದ. ನನ್ನನ್ನು ಕೂಗಿ ಕೊಳ್ಳುವುದು ಅವರ ಲೆಕ್ಕಾಚಾರ. ಹರಾಜಿನ ಸಾಹೇಬರು, ಒಂದೊಂದಾಗಿ ಕೊಡಲು ಬರುವುದಿಲ್ಲ, ಅಂಗಳದಲ್ಲಿ ಇರುವುದೆಲ್ಲ ಸೇರಿ ಒಂದೇ ಲಾಟು ಅಂದರು. ಜಜ್ಜಿದ ಕಾರು, ಟ್ರ್ಯಾಕ್ಟರು, ಬೈಕಿನ ರಾಶಿ, ಎಲ್ಲದರ ಜೊತೆ ನಾನು. ಹುಬ್ಬಳ್ಳಿಯ ಗುಜರಿ ವ್ಯಾಪಾರಿ ಲಾಲ್‌ಸಾಬ್ ಪೂರ್ತಿ ಲಾಟು ಕೂಗಿಕೊಂಡ. ಫಕ್ಕೀರಪ್ಪ ಅವನ ಹತ್ತಿರ ಹೋಗಿ, ಇದೊಂದನ್ನು ನನಗೆ ಮಾರು ಅಂತ ಅಂಗಲಾಚಿದ. ಲಾಲ್‌ಸಾಬ್ ಒಳ್ಳೆಯ ಮನುಷ್ಯ, ಮುಖ ತಗ್ಗಿಸಿದ.

'ಕೊಡ್ತಿದ್ದೆ ಅಣ್ಣಾ. ಆದ್ರ ಒಡಿಯಾಕ ಅಂತನ ಬರಸ್ಕೊಂಡು ಕೊಟ್ಟಾರ. ಇನ್ನ ರೋಡಿಗೆ ಇಳಿಸೂ ಹಂಗಿಲ್ಲ. ಕಾಗದದಾಗ ಇದು ಸತ್ತೈತಿ.'

ನೀಲವ್ವ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಆಗ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಲಾಲ್‌ಸಾಬನ ಲಾರಿ ಬಂತು. ಡ್ರೈವರಿಗೆ ಜ್ವರ, ಹೇಗೋ ಇಲ್ಲಿಯವರೆಗೆ ತಂದು ನಿಲ್ಲಿಸಿ ನೆರಳಿನಲ್ಲಿ ಮಲಗಿಬಿಟ್ಟ. ಕ್ರೇನು ನನ್ನನ್ನು ಎತ್ತಿ ಲಾರಿಯ ಮೇಲಿಟ್ಟಿತು. ಓಡಿಸುವವರು ಯಾರಾದರೂ ಇದ್ದೀರಾ ಅಂತ ಲಾಲ್‌ಸಾಬ್ ಸುತ್ತ ನೋಡಿದ.

'ನಾ ಒಯ್ತೀನಿ,' ಅಂದ ಫಕ್ಕೀರಪ್ಪ. 'ನನ್ನ ಗಾಡಿ, ನಾನ ಬಿಟ್ಟು ಬರ್ತೀನಿ.'

ಹುಬ್ಬಳ್ಳಿಯ ದಾರಿಯುದ್ದಕ್ಕೂ ನಾನು ಲಾರಿಯ ಮೇಲೆ ಕೂತಿದ್ದೆ, ಅವನು ಕೆಳಗೆ ಸ್ಟೇರಿಂಗ್ ಹಿಡಿದಿದ್ದ, ನೀಲವ್ವ ಅವನ ಪಕ್ಕ. ಜೀವಮಾನವೆಲ್ಲ ಹೊತ್ತವನು ನಾನು. ಹೊರಿಸಿಕೊಂಡು ಹೋಗುವುದು ಹೇಗಿರುತ್ತದೆ ಅಂತ ಆ ದಿನ ತಿಳಿಯಿತು. ಗುಂಡಿ ಬಂದಾಗ ಅವನು ನಿಧಾನ ಮಾಡುತ್ತಿದ್ದ. ಗುಜರಿಗೆ ಹೋಗುವ ಗಾಡಿಗೆ ಯಾರಾದರೂ ಗುಂಡಿ ತಪ್ಪಿಸುತ್ತಾರೆಯೇ? ಇವನು ತಪ್ಪಿಸಿದ.

ಗುಜರಿ ಅಂಗಳದಲ್ಲಿ ನನ್ನನ್ನು ಇಳಿಸಿದ ಮೇಲೆ ಲಾಲ್‌ಸಾಬ್ ಅವನ ಭುಜ ಮುಟ್ಟಿ, ನಿನ್ನಂಥ ಡ್ರೈವರ್ ನನಗೆ ಬೇಕು, ನಾಳೆ ಬೆಳಿಗ್ಗೆ ಬಾ, ಹೊಸಪೇಟೆಯ ಲೋಡು ಇದೆ, ಅದೇ ನಾಳೆಯ ಬೋಣಿಗೆ ಅಂದ.

ಫಕ್ಕೀರಪ್ಪ ಲಾರಿಯ ಕೀಲಿಯನ್ನು ಲಾಲ್‌ಸಾಬನ ಕೈಯಲ್ಲಿಟ್ಟ.

'ಒಲ್ಲೆ,' ಅಂದ.

ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಹತ್ತಿರ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ. ನೀಲವ್ವನ ಜೊತೆ ಗೇಟು ದಾಟಿ ನಡೆದೇ ಹೋದ.

ನನಗೆ ಅಳು ಬಂತು, ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನನ್ನ ಸುತ್ತ ಎತ್ತರದ ತಗಡಿನ ಗೋಡೆ, ಆಚೆ ದೊಡ್ಡ ರಸ್ತೆ. ಹಾರ್ನು ಕೇಳುತ್ತದೆ, ಗಾಡಿ ಕಾಣುವುದಿಲ್ಲ. ಠಾಣೆಯಿಂದ ನನ್ನ ಹಿಂದೆಯೇ ಬಂದ ಕಾರನ್ನು ನಿನ್ನೆ ಒಡೆದರು. ಇವತ್ತು ಗ್ಯಾಸ್ ಕಟರಿನವನು ಟ್ರ್ಯಾಕ್ಟರಿನ ಮೇಲೆ ಕೂತಿದ್ದಾನೆ. ನಾಳೆ ನನ್ನ ಪಾಳಿ ಇರಬಹುದು. ಬೇಡ ಅನ್ನಲು ನನಗೆ ಬಾಯಿಲ್ಲ. ಅವನಿಗಾದರೂ ಬಂತಲ್ಲ.