ಸಾಯಬಣ್ಣನ ತಲೆಗೆ ಇಳಿಯದ ಟೋಪಿ

"ಉಸ್ರು ಬಿಗಿ ಹಿಡದ್ರ ಹೊಟ್ಟಿ ಸಣ್ಣದಾಗ್ತದ್ರಿ, ತಲಿ ಆಗಂಗಿಲ್ಲ," ಎಂದಳು ದೇವಕ್ಕ.

ಗಂಡ ಸಾಯಬಣ್ಣ ಹಿಡಿದಿದ್ದ ಉಸಿರನ್ನು ಬುಸ್ಸೆಂದು ಬಿಟ್ಟ. ಅವನ ನೆತ್ತಿಯ ಮೇಲೆ ಕಂದು ಬಣ್ಣದ ಫೆಲ್ಟ್ ಟೋಪಿ, ಗಡಿಗೆಗೆ ಹೊಂದದ ಮುಚ್ಚಳದ ಹಾಗೆ, ಕೂತೂ ಕೂರದೆ ನಿಂತಿತ್ತು. ಅದುಮಿದರೆ ಬೆರಳಷ್ಟು ಇಳಿಯುವುದು, ಕೈಬಿಟ್ಟರೆ ಮತ್ತೆ ಮೇಲೇರುವುದು.

ಮುಂಬೈಯ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಗುಂಪಿನ ಪಾರ್ಟು ಮಾಡುತ್ತಲೇ ಅವನ ಮೀಸೆ ಅರ್ಧ ನರೆತಿತ್ತು. ಸೀರಿಯಲ್ಲಿನ ಮದುವೆಗಳಲ್ಲಿ ಕುಣಿದಿದ್ದ, ಹೆಣಗಳ ಹಿಂದೆ ನಡೆದಿದ್ದ, ಕೋರ್ಟಿನಲ್ಲಿ ಕೂತು ತಲೆಯಾಡಿಸಿದ್ದ. ಟಿವಿಯಲ್ಲಿ ಮಾತ್ರ ಪ್ರತಿಸಲವೂ ಅವನ ಬೆನ್ನೇ ಬಂದಿತ್ತು. ನಾಳೆ ಮೊದಲ ಸಲ ಮುಖ ಬರುವುದಿತ್ತು, ಅದೂ ಮಾತಿನ ಸಮೇತ. ಜಮೀನ್ದಾರನ ಡ್ರೈವರ್ ಆಗಿ ಒಳಗೆ ಬಂದು, ಟೋಪಿ ತೆಗೆದು ಎದೆಗೊತ್ತಿಕೊಂಡು, "ಹುಜೂರ್, ಗಾಡಿ ತಯ್ಯಾರ್ ಹೈ" ಅನ್ನಬೇಕು. ಟೋಪಿ ನೋಡಿದರೆ ಈ ಪಾರ್ಟು ಬಿಟ್ಟುಹೋದ ನಟನ ಅಳತೆಯದು. ಡ್ರೆಸ್ಸಿನವನು ಅದನ್ನು ಚೀಲಕ್ಕೆ ಹಾಕಿ ಕೊಡುತ್ತ ಹೇಳಿದ್ದ: ಹಬೆ ಹಿಡಿದು ಹಿಗ್ಗಿಸಿಕೊಂಡು ಬಾ, ಕಿವಿತನಕ ಇಳಿಯದಿದ್ದರೆ ಬೇರೆ ತಲೆ ನೋಡುತ್ತೇನೆ.

ಆಂಟಾಪ್ ಹಿಲ್‌ನ ಆ ಒಂದೇ ಖೋಲಿಯಲ್ಲಿ ಬೆಳಗಿನಿಂದ ಅದೇ ನಡೆದಿತ್ತು. ಅನ್ನದ ಪಾತ್ರೆಯ ಹಬೆಗೆ ಟೋಪಿ ಮೆತ್ತಗಾಯಿತು. ಆದರೆ ಹಿಗ್ಗಿಸಲು ಇಟ್ಟ ತಂಬಿಗೆ ಅದರೊಳಗೆ ಬಿದ್ದೇ ಹೋಯಿತು, ಕೊಡ ಒಳಗೆ ಹೋಗಲೇ ಇಲ್ಲ. ಕೊನೆಗೆ ಸಕ್ಕರೆ ಡಬ್ಬಿಯನ್ನು ತಿರುವಿ ತಿರುವಿ ತುರುಕಿದರು. ಆರಿದ ಮೇಲೆ ಹಾಕಿಕೊಂಡರೆ ಹಣೆ, ಹಿಂದಲೆ ಎರಡೂ ಕಡೆ ಒತ್ತುತ್ತದೆ. ಪಕ್ಕದಲ್ಲಿ ಮಾತ್ರ ಬೆರಳು ಹೋಗುವಷ್ಟು ಸಂದು.

"ಕಾಕಾ, ಕಿವಿಗಿ ಗಾಳಿ ಬರ್ಲಿ ಅಂತ ಕಿಡಕಿ ಬಿಟ್ಟೀರೇನು?" ಬಾಗಿಲಲ್ಲಿ ನಿಂತ ಪಕ್ಕದ ಖೋಲಿಯ ಸೇವಂತಿ ನಕ್ಕಳು.

"ನಗವ್ವ, ನಗು. ಈ ಡಬ್ಬಿ ಗುಂಡಗದ, ನನ್ನ ತಲಿ ಉದ್ದಕದ. ನಾ ಏನು ಮಾಡ್ಲಿ?"

"ಮೊದ್ಲಿಂದ ಹೇಳ್ಲಕತ್ತೀನಿ, ಕೇಳಂಗಿಲ್ಲ," ಎಂದಳು ದೇವಕ್ಕ. "ಇದು ಉಣ್ಣಿ. ನಮ್ಮಪ್ಪ ಕಂಬಳಿ ನೇಯ್ತಿದ್ದ. ಹುಣಸಿಬೀಜದ ಗಂಜಿ ಕುಡಿಸ್ದೆ ಉಣ್ಣಿ ಎಂದಾದ್ರೂ ಮಾತು ಕೇಳ್ಯಾದೇನು?"

ಸಾಯಬಣ್ಣನದೂ ಕಂಬಳಿ ನೇಯುವ ಮನೆಯೇ. ಅವಳ ಮಾತು ಸರಿಯೆನಿಸಿತು. ದೇವಕ್ಕ ಬೀಜ ಹುರಿದು, ಕುಟ್ಟಿ, ಅಂಟಂಟು ಗಂಜಿ ಕಾಯಿಸಿದಳು. ಟೋಪಿಗೆ ಮತ್ತೆ ಹಬೆ ಹಿಡಿದು, ಒಳಗೆಲ್ಲ ಗಂಜಿ ಬಳಿದಳು.

"ಡಬ್ಬಿ ಬ್ಯಾಡ. ನಿಮ್ಮ ತಲೀನೇ ಅಚ್ಚು. ಒಣಗೋತನಕ ಅಳ್ಳಾಡಬ್ಯಾಡ್ರಿ."

ಸಾಯಬಣ್ಣ ಹಸಿ ಟೋಪಿಯನ್ನು ಕಿವಿತನಕ ಎಳೆದುಕೊಂಡು ಫ್ಯಾನಿನ ಕೆಳಗೆ ಗೊಂಬೆಯಂತೆ ಕೂತ. ಕುತ್ತಿಗೆಗೆ ಗಂಜಿ ಇಳಿಯಿತು, ಕೆರೆಯುವಂತಿಲ್ಲ. ನೊಣ ಮೀಸೆಯ ಮೇಲೆ ಕೂತಿತು, ಓಡಿಸುವಂತಿಲ್ಲ. "ಹುಜೂರ್, ಗಾಡಿ ತಯ್ಯಾರ್ ಹೈ" ಎಂದು ತುಟಿಯಲ್ಲೇ ಅಂದುಕೊಂಡ. ಎಷ್ಟೋ ಸಲ ಅಂದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಟೋಪಿ ಒಣಗಿತು. ಹಣೆಗೆ ಒತ್ತಿಲ್ಲ, ಪಕ್ಕದಲ್ಲಿ ಸಂದಿಲ್ಲ, ಸರಿಯಾಗಿ ಕಿವಿಯ ಮೇಲೆ ನಿಂತಿತ್ತು. ಸೇವಂತಿ ಚಪ್ಪಾಳೆ ತಟ್ಟಿದಳು.

"ಈಗ ತಗದು ಎದಿಗಿ ಹಿಡೀರಿ. ನಾನೇ ಹುಜೂರ್," ಎಂದು ದೇವಕ್ಕ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತಳು.

ಸಾಯಬಣ್ಣ ಟೋಪಿಯ ಅಂಚು ಹಿಡಿದು ಎತ್ತಿದ. ಟೋಪಿಯ ಜೊತೆಗೆ ಹುಬ್ಬುಗಳೂ ಮೇಲೆದ್ದವು. ಜಗ್ಗಿದ. ಕಣ್ಣಲ್ಲಿ ನೀರು ಬಂತು.

"ಅಂಟ್ಯಾದ!"

"ಗಂಜಿ ಅಂದ್ರ ಅಂಟಂಗಿಲ್ಲೇನು?"

"ಕಂಬಳಿಗಿ ಗಂಜಿ ಹಚ್ಚಿ ನಿಮ್ಮಪ್ಪ ಹಸೀದೇ ಹೊತ್ಕೊಂಡು ಕುಂತಿದ್ನೇನು? ನಾಳಿ ಹುಜೂರ್ ಮುಂದ ಟೋಪಿ ತಗೀದೆ ಹೆಂಗ ನಿಂದರ್ಲಿ? ಒಮ್ಮೆರೆ ನನ್ನ ಮಾರಿ ಬರ್ತಿತ್ತು, ಅದಕ್ಕೂ ಕಲ್ಲು ಹಾಕಿದಿ!"

"ನಮ್ಮಪ್ಪನ ಸುದ್ದಿ ಬ್ಯಾಡ. ಬರ್ರಿ ಇಲ್ಲಿ, ಬಗ್ರಿ."

ಸೇವಂತಿ ಆಗಲೇ ಗ್ಯಾಸ್ ಹಚ್ಚಿದ್ದಳು. ನೀರು ಕುದಿಯಿತು. ಈ ಸಲ ಹಬೆಯ ಮೇಲೆ ಟೋಪಿಯ ಜೊತೆ ತಲೆಯೂ ಬಾಗಿತು. ಒಂದು ಕಡೆಯಿಂದ ದೇವಕ್ಕ, ಇನ್ನೊಂದು ಕಡೆಯಿಂದ ಸೇವಂತಿ ಮೆಲ್ಲಗೆ ಬಿಡಿಸುತ್ತ ಬಂದರು.

ಪಟ್ಟೆಂದು ಟೋಪಿ ಕೈಗೆ ಬಂತು, ಒಳಗೆ ಹಿಡಿಯಷ್ಟು ಮುಂಗೂದಲಿನ ಸಮೇತ. ಸಾಯಬಣ್ಣ ಹಣೆ ಸವರಿಕೊಳ್ಳಲಿಲ್ಲ. ಟೋಪಿಗೆ ಅಂಟಿದ್ದ ಕೂದಲು ಕಿತ್ತೆಸೆದು, ಬೆವರು ಸುರಿಯುತ್ತಿದ್ದಂತೆಯೇ ಟೋಪಿಯನ್ನು ಮತ್ತೆ ತಲೆಗಿಟ್ಟ. ಅದು ಸದ್ದಿಲ್ಲದೆ ಕಿವಿತನಕ ಇಳಿಯಿತು; ಎತ್ತಿದರೆ ಈ ಸಲ ಹುಬ್ಬು ಬಿಟ್ಟು ಟೋಪಿಯಷ್ಟೇ ಬಂತು.