ಬೈದು ಪಡೆದ ಆಶೀರ್ವಾದ

ನಮ್ಮದು ಆಸ್ಪತ್ರೆಯ ಹಿಂಭಾಗದ ಹೊಲಿಗೆ ಕೋಣೆ. ಹರಿದ ಬೆಡ್‌ಶೀಟು, ಗುಂಡಿ ಕಿತ್ತ ಗೌನು, ಬಾಯಿ ಬಿಟ್ಟ ದಿಂಬಿನ ಕವರು ಎಲ್ಲವೂ ಒಗೆದು ನಮ್ಮ ಮೇಜಿಗೆ ಬರುತ್ತವೆ. ಬೆಡ್‌ಶೀಟು ಸವೆಯುವುದು ಯಾವಾಗಲೂ ನಡುವಿನಲ್ಲಿ, ಮಲಗಿದವರ ಬೆನ್ನು ಹೊರಳಾಡುವ ಕಡೆ. ಹಾಗೆಂದು ಎಸೆಯುವುದಿಲ್ಲ. ಉದ್ದಕ್ಕೆ ಎರಡಾಗಿ ಸೀಳಿ, ಗಟ್ಟಿಯಿರುವ ಅಂಚುಗಳನ್ನು ನಡುವಿಗೆ ತಂದು ಜೋಡಿಸುತ್ತೇವೆ, ಸವೆದದ್ದು ಬದಿಗೆ ಹೋಗುತ್ತದೆ. ಹೊಲಿಗೆ ಮಾತ್ರ ರೋಗಿಯ ಬೆನ್ನಿಗೆ ಒತ್ತಬಾರದು. ಒತ್ತದ ಹಾಗೆ ಹೊಲಿಯುವುದು ನಮ್ಮ ನಾಲ್ವರಲ್ಲಿ ಅಕ್ಕನಿಗೆ ಮಾತ್ರ ಬರುತ್ತಿತ್ತು.

ಅಕ್ಕ ಎಂದು ಎಲ್ಲರೂ ಕರೆಯುತ್ತಿದ್ದೆವು, ನನಗಿಂತ ಎರಡೇ ವರ್ಷ ದೊಡ್ಡವಳಾದರೂ. ಭಾನುವಾರದ ಪ್ರಾರ್ಥನೆ ತಪ್ಪಿಸಿದವಳಲ್ಲ. ಬೈದವರಿಗೆ ಬಾಯಿ ತುಂಬ ಒಳ್ಳೆಯದು ಕೋರಬೇಕು, ಕೇಡು ಮಾಡಿದವರನ್ನು ಹರಸಬೇಕು ಎಂದು ಅವಳಿಗೆ ಕಲಿಸಿದ್ದರು. ನಾವೂ ಅಂಥ ಮಾತು ಕೇಳಿಕೊಂಡೇ ಬೆಳೆದವರು. ಕೇಳಿದ್ದನ್ನು ಮಾಡುವವಳನ್ನು ಮಾತ್ರ ಅದುವರೆಗೆ ನೋಡಿರಲಿಲ್ಲ.

ಇದೆಲ್ಲ ಶುರುವಾದದ್ದು ನಮ್ಮ ಕೋಣೆಯ ಇಸ್ತ್ರಿಯವಳಿಂದ. ಒಂದು ದಿನ ಅಕ್ಕನ ಕೆಲಸ ತಡವಾಯಿತೆಂದು ಸಿಟ್ಟಿಗೆದ್ದು, ಒದ್ದೆ ಗೌನುಗಳ ಗಂಟನ್ನೇ ಅವಳ ಮುಖಕ್ಕೆ ಬೀಸಿದಳು.

"ಏನೇ ಮೈಗಳ್ಳಿ, ಕೈಗೆ ಲಕ್ವ ಹೊಡೆದಿದ್ಯಾ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂಗಿನ ತುದಿ ಕೆಂಪಾಗಿತ್ತು. "ನಿನ್ನ ಮನೆ ತುಂಬಿರ್ಲಿ ಕಣೇ. ಹೋದವರು ವಾಪಸ್ ಬರ್ಲಿ" ಎಂದಳು.

ಇಸ್ತ್ರಿಯವಳ ಗಂಡ ಮನೆ ಬಿಟ್ಟು ಎಂಟು ತಿಂಗಳಾಗಿತ್ತು. ಆ ಶುಕ್ರವಾರವೇ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲು ತಟ್ಟಿದ. ಅವನು ಬಂದದ್ದರಿಂದ ಅವಳಿಗೆ ಸುಖವಾಯಿತೇ ಎಂದು ನಾವ್ಯಾರೂ ಕೇಳಲಿಲ್ಲ. ಬಂದನಲ್ಲ, ಅಷ್ಟು ಸಾಕಾಗಿತ್ತು.

ಮುಂದಿನ ತಿಂಗಳು ಗುಂಡಿ ಹೊಲಿಯುವವಳ ಸರದಿ. ತಾಯಿಯ ಎದೆಯಲ್ಲಿ ಗಂಟು ಕಂಡು, ಪರೀಕ್ಷೆಗೆ ಕೊಟ್ಟು, ಹೆದರಿ ಕಂಗಾಲಾಗಿದ್ದಳು. ಅಕ್ಕ ಸಮಾಧಾನ ಹೇಳಲು ಹೋದರೆ "ಹೋಗ್ ಹೋಗೇ, ಹೆತ್ತೂ ಇಲ್ಲ ಹೊತ್ತೂ ಇಲ್ಲ, ನಿಂಗೇನ್ ಗೊತ್ತು ಸಂಕಟ?" ಎಂದು ಉಗಿದಳು. ಅಕ್ಕನ ಕಣ್ಣು ತುಂಬಿತು. ಆದರೂ "ನಿಮ್ಮಮ್ಮನ ಆಯಸ್ಸು ಗಟ್ಟಿಯಿರ್ಲಿ" ಎಂದಳು. ಗಂಟಿನಲ್ಲಿ ಏನೂ ಕೆಟ್ಟದ್ದಿಲ್ಲವೆಂದು ವರದಿ ಬಂತು.

ಅಲ್ಲಿಗೆ ಅದೊಂದು ರೂಢಿಯೇ ಆಯಿತು. ಯಾರ ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಮೊದಲು ಅಕ್ಕನನ್ನು ಬೈಯುವುದು. ಅಡುಗೆಮನೆಯಿಂದ, ಒಗೆಯುವ ಕೋಣೆಯಿಂದ ಹೆಂಗಸರು ಬಂದು, ಬಾಗಿಲಲ್ಲೇ ನಿಂತು ಎರಡು ಮಾತು ಒಗಾಯಿಸಿ, ಆಶೀರ್ವಾದ ಸೆರಗಿಗೆ ಕಟ್ಟಿಕೊಂಡವರಂತೆ ಹೊರಟುಹೋಗುತ್ತಿದ್ದರು. ಅದಕ್ಕೆ ನಿಯಮಗಳೂ ಹುಟ್ಟಿದವು. ಕೇಳಿ ಪಡೆದದ್ದಕ್ಕೆ ಬಲವಿಲ್ಲ. ನಗುತ್ತಾ ಬೈದರೆ ಲೆಕ್ಕಕ್ಕಿಲ್ಲ. ಅಕ್ಕನ ಕಣ್ಣಲ್ಲಿ ನೀರಾಡಬೇಕು. "ಇವತ್ತು ಸರಿಯಾಗಿ ನಾಟ್ಲಿಲ್ಲ ಬಿಡೇ, ನಾಳೆ ಇನ್ನೊಂದ್ಸಲ ನೋಡು" ಎಂದು ಒಬ್ಬಳಿಗೊಬ್ಬಳು ಬುದ್ಧಿ ಹೇಳುತ್ತಿದ್ದರು. ಅಕ್ಕನಿಗೆ ಇದು ತಿಳಿದಿತ್ತೋ ಇಲ್ಲವೋ. ತಿಳಿಯದಿರಲು ಅವಳೇನು ಕಿವುಡಿಯಲ್ಲ.

ನಾನು ಬೈಯುತ್ತಿರಲಿಲ್ಲ. ಅದರಿಂದ ನಾನು ಅವರಿಗಿಂತ ಒಂದು ಕೈ ಮೇಲು ಎಂಬ ಜಂಬವೂ ನನಗಿತ್ತು.

ನನ್ನ ಮಗಳಿಗೆ ಮೂರು ಬಸಿರು ಇಳಿದುಹೋಗಿದ್ದವು. ಮೂರನೆಯದಾದ ಮೇಲೆ ಅವಳು ತಲೆ ಬಾಚಿಕೊಳ್ಳುವುದನ್ನೇ ಬಿಟ್ಟಿದ್ದಳು. ನಾಲ್ಕನೆಯದು ಆರು ತಿಂಗಳು ದಾಟಿತ್ತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದವಳು ತಿನ್ನಲಾರದೆ, "ಅಕ್ಕ, ನನ್ನ ಮಗಳಿಗೋಸ್ಕರ ಒಂದು ಪ್ರಾರ್ಥನೆ ಮಾಡು" ಎಂದೆ. ಅಕ್ಕ ಕೈ ತೊಳೆದು ಬಂದು, ನನ್ನೆರಡೂ ಕೈ ಹಿಡಿದು, ಕಣ್ಣು ಮುಚ್ಚಿ, ನನ್ನ ಅನ್ನ ಆರಿ ತಣ್ಣಗಾಗುವವರೆಗೆ ಪ್ರಾರ್ಥಿಸಿದಳು. ಆಮೇಲೆ, ನನ್ನ ಮುಖ ಇನ್ನೂ ಬಾಡಿದ್ದು ಕಂಡಿರಬೇಕು, ತಾನಾಗಿಯೇ ಹೇಳಿದಳು.

"ನಂಗೂ ಒಬ್ಳಿದ್ಲು ಕಣೇ. ಐದು ವರ್ಷದವಳು. ಈ ಊರಿಗೆ ಬರೋಕೆ ಮುಂಚೆ. ಅವತ್ತು ಮೈ ಬೆಚ್ಚಗಿತ್ತು. ಪಕ್ಕದ ಮನೆಯವರ ಹತ್ರ ಬಿಟ್ಟು ಪ್ರಾರ್ಥನೆಗೆ ಹೋಗಿದ್ದೆ. ನಡುವೆ ಎದ್ದು ಹೋಗೋಣ ಅನ್ನಿಸ್ತು. ಇನ್ನೆರಡೇ ಹಾಡು ಇತ್ತು. ಮುಗಿಸ್ಕೊಂಡೇ ಹೋಗೋಣ ಅಂತ ಕೂತೆ." ನನ್ನ ಕೈ ಬಿಟ್ಟು, "ಎರಡು ಹಾಡಿನ ವಿಷಯ ನಮ್ಮನೆಯವರಿಗೂ ಗೊತ್ತಿಲ್ಲ. ನಿಂಗೊಬ್ಳಿಗೇ ಹೇಳಿದ್ದು" ಎಂದಳು.

ನಾನು ಅವಳ ಬೆನ್ನು ಸವರಿದೆ. ಕಣ್ಣೀರೂ ಹಾಕಿದೆ. ಆದರೆ ಕೇಳಿ ಪಡೆದ ಆ ಪ್ರಾರ್ಥನೆಯ ಮೇಲೆ ನನಗೆ ನಂಬಿಕೆ ಬರಲಿಲ್ಲವೆಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಉಳಿದವರನ್ನು ಕಂಡು ಮನಸ್ಸಿನಲ್ಲೇ ನಗುತ್ತಿದ್ದ ನಾನು ಅವರ ನಿಯಮಗಳನ್ನೆಲ್ಲ ನಂಬಿದ್ದೆ.

ಏಳನೇ ತಿಂಗಳಲ್ಲಿ ಮಗಳಿಗೆ ರಕ್ತ ಕಾಣಿಸಿತು. ನಮ್ಮ ಆಸ್ಪತ್ರೆಯಲ್ಲೇ ಸೇರಿಸಿದೆವು. ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಅಲುಗಾಡಬೇಡ ಎಂದದ್ದಕ್ಕೆ ಅವಳು ಉಸಿರಾಡಲೂ ಹೆದರುತ್ತಿದ್ದಳು. "ಅಮ್ಮಾ, ಈ ಸಲನೂ ಹೋದ್ರೆ ನಾನು ಇರಲ್ಲ" ಎಂದಳು. ನಾನು ಮೆಟ್ಟಿಲಿಳಿದು ಹೊಲಿಗೆ ಕೋಣೆಗೆ ಬಂದೆ. ಮೂವರೂ ಇದ್ದರು. ಅಕ್ಕ ಬೆಡ್‌ಶೀಟನ್ನು ಸೀಳುತ್ತಿದ್ದಳು.

"ಮಗಳು ಹೇಗಿದಾಳೇ?" ಎಂದಳು.

"ನನ್ನ ಮಗಳ ಸುದ್ದಿ ನಿನ್ನ ಬಾಯಲ್ಲಿ ಬೇಡ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ನಿನ್ನ ಕೂಸು ಜ್ವರದಲ್ಲಿ ಅಮ್ಮಾ ಅಮ್ಮಾ ಅಂತಿದ್ರೆ ನೀನು ಕೂತು ಹಾಡಿದವಳು. ಎದ್ದು ಹೋಗೋಣ ಅನ್ನಿಸಿದ್ರೂ ಇನ್ನೆರಡು ಹಾಡು ಹಾಡಿದ್ಯಲ್ಲ, ಇಂಪಾಗಿತ್ತಾ? ಗಂಡನಿಗೆ ಹೇಳಿದ್ಯಾ? ನಿನ್ನ ಮಗಳನ್ನ ಜ್ವರ ಕೊಂದಿದ್ದಲ್ಲ. ನೀನು ಕೊಂದಿದ್ದು."

ಬಟ್ಟೆ ಸೀಳುವ ಸದ್ದು ನಿಂತಿತು. ಇಸ್ತ್ರಿಯವಳು ಪೆಟ್ಟಿಗೆ ಎತ್ತಿ ಹಿಡಿದವಳು ಹಾಗೇ ನಿಂತಿದ್ದಳು. ನಾನು ಕಾದೆ. ನಿಜ ಹೇಳಬೇಕೆಂದರೆ ಅಕ್ಕನ ಮುಖವನ್ನಲ್ಲ, ಅವಳ ತುಟಿಗಳನ್ನೇ ನೋಡುತ್ತಿದ್ದೆ.

ಅವು ಅಲುಗಲಿಲ್ಲ. ಅಕ್ಕ ಬಟ್ಟೆಯನ್ನು ಮಡಚಿಟ್ಟು, ಚೀಲ ತೆಗೆದುಕೊಂಡು, ಗೋಡೆ ಹಿಡಿದುಕೊಂಡೇ ಹೊರಗೆ ಹೋದಳು.

"ಅಬ್ಬಾ" ಎಂದಳು ಇಸ್ತ್ರಿಯವಳು ಕೊನೆಗೆ. "ಇಷ್ಟು ದೊಡ್ಡದನ್ನ ಹೊಟ್ಟೇಲಿಟ್ಕೊಂಡು ಇಷ್ಟು ದಿನ ಸುಮ್ನಿದ್ಯಲ್ಲೇ, ಗಟ್ಟಿಗಿತ್ತಿ ನೀನು." ಅವಳ ದನಿಯಲ್ಲಿ ಇದ್ದದ್ದು ಅಸಹ್ಯವಲ್ಲ, ಹೊಟ್ಟೆಕಿಚ್ಚು.

ಎರಡು ದಿನ ಅಕ್ಕ ಬರಲಿಲ್ಲ. ಎರಡು ದಿನವೂ ನನ್ನನ್ನು ಕಿತ್ತು ತಿಂದದ್ದು ಪಶ್ಚಾತ್ತಾಪವಲ್ಲ. ಬೈಗುಳ ಕೊಟ್ಟಾಗಿತ್ತು, ಆಶೀರ್ವಾದ ಸಿಕ್ಕಿರಲಿಲ್ಲ. ಮಗಳಿಗೆ ಮತ್ತೆ ನೋವು ಶುರುವಾಗಿತ್ತು. ಮೂರನೆಯ ಸಂಜೆ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಎರಡನೇ ಮಹಡಿ, ಒಂದೇ ಕೋಣೆ. ಬಾಗಿಲು ತೆರೆದವಳು ನನ್ನನ್ನು ಕಂಡು, ಒಳಗೆ ಪೇಪರ್ ಓದುತ್ತಿದ್ದ ಗಂಡನ ಕಡೆ ಒಮ್ಮೆ ನೋಡಿ, ಹೊರಬಂದು ಬಾಗಿಲೆಳೆದುಕೊಂಡಳು. ಅಗುಳಿಯ ಮೇಲಿಟ್ಟ ಕೈ ತೆಗೆಯಲಿಲ್ಲ.

"ತಪ್ಪಾಯ್ತು ಅನ್ನೋಕೆ ಬಂದ್ಯಾ, ತಗೊಂಡು ಹೋಗೋಕೆ ಬಂದ್ಯಾ?"

"ಎರಡಕ್ಕೂ" ಎಂದೆ.

"ಸುಳ್ಳು ಹೇಳ್ಬೇಡ."

ನಾನು ತಲೆ ತಗ್ಗಿಸಿದೆ. "ತಗೊಂಡು ಹೋಗೋಕೆ."

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. "ನೀವೆಲ್ಲ ಯಾಕೆ ಬೈತೀರ ಅಂತ ನಂಗೆ ಗೊತ್ತಿತ್ತು" ಎಂದಳು. "ಬೈದ್ರೆ ಬೈಲಿ, ನನ್ನಿಂದ ಒಂದು ಒಳ್ಳೆ ಮಾತು ಹೊರಡುತ್ತಲ್ಲ ಅಂತಿದ್ದೆ. ನೀನು ಬೈದಾಗ ಏನು ಬಾಯಿಗೆ ಬಂತು ಗೊತ್ತಾ? ನಿನ್ನ ಮಗಳ ಹೊಟ್ಟೇಲಿರೋದು..." ಮುಂದಿನ ಮಾತನ್ನು ಅಂಗೈಯಿಂದ ಅದುಮಿಕೊಂಡಳು. "ಅದಕ್ಕೇ ಎದ್ದು ಬಂದೆ. ಮೂರು ದಿನದಿಂದ ಊಟಕ್ಕೆ ಬಿಟ್ರೆ ಬಾಯಿ ತೆಗೆದಿಲ್ಲ, ಎಲ್ಲಿ ಆಚೆ ಬರುತ್ತೋ ಅಂತ."

"ಅಕ್ಕ, ನನ್ನ ಕ್ಷಮಿಸು."

"ಇಲ್ಲ. ಅದು ನನ್ನ ಹತ್ರ ಇಲ್ಲ ಈಗ. ಬರುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಹರಸು ಅಂತ ಸ್ವಾಮಿ ಹೇಳಿದಾನೆ. ಮನಸ್ಸು ಸರಿಹೋದ್ಮೇಲೆ ಹರಸು ಅಂತ ಹೇಳಿಲ್ಲ. ಬಗ್ಗು."

ಬಗ್ಗಿದೆ. ಅವಳ ಕೈ ನನ್ನ ತಲೆಯ ಮೇಲೆ ಬಂತು. ಉಗುರುಗಳು ಕೂದಲೊಳಗೆ ಇಳಿದು ಚರ್ಮಕ್ಕೆ ಒತ್ತಿದವು, ಇನ್ನೂ ಒತ್ತಿದವು. ನಾನು ಅಲುಗಾಡಲಿಲ್ಲ.

"ನಿನ್ನ ಮಗಳ... ಹೊಟ್ಟೆ ತಣ್ಣಗಿರ್ಲಿ." ಬಾವಿಯಿಂದ ತುಂಬಿದ ಕೊಡ ಸೇದುವವಳಂತೆ ಏದುಸಿರು ಬಿಡುತ್ತಿದ್ದಳು. "ಕೂಸು ಉಳೀಲಿ. ನಿನ್ನ ತೊಡೆ ಮೇಲೆ ಆಡ್ಲಿ. ಜ್ವರ ಬಂದ ದಿನ ಅದರ ಅಮ್ಮ ಅದರ ಹತ್ರಾನೇ ಇರ್ಲಿ."

ಕೈ ತೆಗೆದಳು. "ಹೋಗು ಇನ್ನು."

ಮೆಟ್ಟಿಲಿಳಿಯುವಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸಿಕ್ಕಿತು, ಸಿಕ್ಕಿತು ಎಂದುಕೊಂಡೆ. ಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿಸಲೇ ಇಲ್ಲ. ಅವಳು ಇನ್ನೂ ಅಲ್ಲೇ ನಿಂತಿದ್ದಿರಬೇಕು. ನಾನು ತಿರುಗಿ ನೋಡಲಿಲ್ಲ.

ನೋವು ನಿಂತಿತು. ತಿಂಗಳು ತುಂಬಲು ಮೂರು ವಾರವಿರುವಾಗ ಹೆಣ್ಣು ಕೂಸು ಹುಟ್ಟಿತು. ಚಿಕ್ಕದು, ಆದರೆ ಕಿರುಚಿದ ರಭಸಕ್ಕೆ ನರ್ಸುಗಳೇ ನಕ್ಕರು. ಮಗಳು ತಲೆ ಬಾಚಿಕೊಂಡಳು. ಅಕ್ಕ ಅಷ್ಟರಲ್ಲಿ ಕೆಲಸಕ್ಕೆ ಮರಳಿದ್ದಳು. ನನ್ನೊಂದಿಗೆ ದಾರ, ಸೂಜಿಯ ಮಾತು ಬಿಟ್ಟು ಬೇರೆ ಇರಲಿಲ್ಲ.

ಕೂಸಿಗೆ ಎರಡು ವಾರವಾದಾಗ ಇಸ್ತ್ರಿಯವಳ ಮಗನಿಗೆ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಅವಳು ಬೆಳಿಗ್ಗೆ ಬಂದವಳೇ ಇಸ್ತ್ರಿಪೆಟ್ಟಿಗೆ ಕಾಯಲು ಬಿಟ್ಟು, ಅಕ್ಕನ ಮೆಷಿನ್ನಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಯಾಕಕ್ಕ ಏಳ್ತಿದ್ಯ? ಕೂತ್ಕೋ, ಕೂತ್ಕೋ. ಇನ್ನೆರಡು ಹಾಡು ಇದೆಯಲ್ಲ."

ಎಂದು, ಅಕ್ಕನ ಪ್ರಾರ್ಥನೆ ಸಭೆಯವರು ಹಾಡುವ ಹಾಗೆ, ಕಣ್ಣು ಮುಚ್ಚಿ ರಾಗ ಎಳೆಯತೊಡಗಿದಳು. ಗುಂಡಿಯವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಕ್ಕನ ಬೆರಳು ಸೂಜಿಯ ಪಕ್ಕದಲ್ಲೇ ನಿಂತುಬಿಟ್ಟಿತು.

"ಸಾಕು ಮಾಡೇ" ಎಂದೆ.

ಇಸ್ತ್ರಿಯವಳು ಕಣ್ಣು ತೆರೆದಳು. "ಓಹೋ, ನಿನ್ನ ಕೆಲಸ ಆಯ್ತಲ್ಲ, ಈಗ ಸಾಕಾ? ಈ ಮಾತು ಕಲಿಸಿದೋಳು ಯಾರಮ್ಮಾ? ಇದೇ ಅಲ್ವಾ ನಿನ್ನ ಮೊಮ್ಮಗಳನ್ನ ಉಳಿಸಿದ್ದು?"

ಮುಂದೆ ಒಗೆಯುವ ಕೋಣೆಯವಳು ಬರುತ್ತಾಳೆ, ಅಡುಗೆಮನೆಯವಳು ಬರುತ್ತಾಳೆ. ಪ್ರತಿಯೊಬ್ಬಳೂ ಇದೇ ಮಾತನ್ನು ಹಿಡಿದು ಬರುತ್ತಾಳೆ, ಏಕೆಂದರೆ ಇದು ಫಲಿಸಿದ ಮಾತು. ನಾನು ಬೇಡಿಕೊಂಡರೂ, ಬೈದರೂ ಇವರು ನಿಲ್ಲಿಸುವವರಲ್ಲ. ನಿಲ್ಲಿಸುವುದಕ್ಕೆ ಒಂದೇ ಒಂದು ಮಾತಿತ್ತು. "ಉಳಿಸಿಲ್ಲ ಕಣೇ, ನೆನ್ನೆ ಕೂಸು ಹೋಯ್ತು" ಎಂದು ನಾನು ಅಂದುಬಿಟ್ಟರೆ ಸಾಕು. ಮೂರು ದಿನದಲ್ಲಿ ಸುಳ್ಳೆಂದು ಗೊತ್ತಾದರೂ ಚಿಂತೆಯಿಲ್ಲ, ಅಷ್ಟರಲ್ಲಿ ನಂಬಿಕೆ ಮುರಿದಿರುತ್ತದೆ. ಅಕ್ಕನನ್ನು ಯಾರೂ ಮುಟ್ಟುವುದಿಲ್ಲ.

ಬಾಯಿ ತೆರೆದೆ. ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿದ್ದ ಕೂಸು ಕಣ್ಣಿಗೆ ಬಂತು. ಬಾಯಿ ಮುಚ್ಚಿಕೊಂಡೆ.

ಅಕ್ಕ ಇಸ್ತ್ರಿಯವಳತ್ತ ತಿರುಗಿದ್ದಳು. ಮೂರು ಸಲ ಉಗುಳು ನುಂಗಿ, "ನಿನ್ನ ಮಗನಿಗೆ ಕೆಲಸ ಸಿಗ್ಲಿ" ಎಂದಳು. ಇಸ್ತ್ರಿಯವಳು ತೃಪ್ತಿಯಿಂದ ಪೆಟ್ಟಿಗೆಯ ಕಡೆ ನಡೆದಳು.

ಆಮೇಲೆ ಅಕ್ಕ ನನ್ನ ಕಡೆ ನೋಡಿದಳು, ಎಷ್ಟೋ ದಿನಗಳ ಮೇಲೆ. ನಾನು ಬಾಯಿ ತೆರೆದು ಮುಚ್ಚಿದ್ದನ್ನು ಅವಳು ಕಂಡಿದ್ದಳು.

"ಕೂಸು ಹಾಲು ಕುಡೀತಿದ್ಯಾ?" ಎಂದಳು.

"ಚೆನ್ನಾಗಿ ಕುಡೀತಿದೆ" ಎಂದೆ, ಎಲ್ಲರಿಗೂ ಕೇಳುವ ಹಾಗೆ.