ಜಪಾನಿ ಅಕ್ಕೋರ ಪಾಠ

ಜಪಾನಿನಿಂದ ಬಂದ ಶಿಕ್ಷಕಿ ಮಕ್ಕಳ ಕೈಗೆ ಕಸಬರಿಗೆ ಕೊಟ್ಟಿದ್ದಾಳೆಂಬ ಸುದ್ದಿ ಚನ್ನವ್ವನಿಗೆ ಮುಟ್ಟಿದ್ದು ಸಂತೆ ಬಯಲಿನಲ್ಲಿ. ಆಗ ಅವಳ ಕೈಯಲ್ಲೂ ಇದ್ದದ್ದು ಕಸಬರಿಗೆಯೇ. ಪಂಚಾಯಿತಿಯ ಪಗಾರದ ಮೇಲೆ ಊರ ರಸ್ತೆ ಗುಡಿಸುವುದು ಅವಳ ಕೆಲಸ. ಸುದ್ದಿ ತಂದವಳು ಶಾಲೆಯಲ್ಲಿ ಬಿಸಿಯೂಟ ಮಾಡುವ ಲಕ್ಕವ್ವ.

"ನಿನ್ನ ಮನೀಷಾನ ಕೈಯಾಗ ಸಂಡಾಸ ತಿಕ್ಕೋ ಬ್ರಶ್ ಕೊಟ್ಟಾರ ನೋಡಬೇ," ಎಂದಳು ಲಕ್ಕವ್ವ. "ಆಕಿ ದೇಶದಾಗ ಸಾಲಿ ಹುಡುಗೋರ ಎಲ್ಲಾ ಸ್ವಚ್ಛ ಮಾಡ್ತಾರಂತ. ಹೆಡ್‌ಮಾಸ್ತರು ಹೊಗಳಿದ್ದ ಹೊಗಳಿದ್ದು."

ಚನ್ನವ್ವನ ಮೈಯೆಲ್ಲ ಉರಿದುಹೋಯಿತು. ಅವಳು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟದ್ದು ಇದೇ ಕಾರಣಕ್ಕೆ. ಆ ಕಾಲದಲ್ಲಿ ಪಾಠಕ್ಕೆ ಮೊದಲು ಶಾಲೆ ಗುಡಿಸುತ್ತಿದ್ದವರು ಅವಳ ಓಣಿಯ ಮಕ್ಕಳು ಮಾತ್ರ. ಗುಡಿಸಲು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ. ಅದಕ್ಕೇ ಮಗಳು ಮನೀಷಾಳನ್ನು ಶಾಲೆಗೆ ಹಚ್ಚಿದ ದಿನ ಅವಳು ಹೆಡ್‌ಮಾಸ್ತರ ಸಿದ್ದಲಿಂಗರ ಎದುರು ನಿಂತು, ಈಕೆಯ ಕೈಗೆ ಕಸಬರಿಗೆ ಮುಟ್ಟಿಸಕೂಡದೆಂದು ಹೇಳಿ ಬಂದಿದ್ದಳು. ಅವರು ಹೂಂ ಅಂದಿದ್ದರು. ಇವತ್ತಿನವರೆಗೆ ಮಾತು ಉಳಿಸಿಕೊಂಡೂ ಇದ್ದರು.

"ಕಸಾ ಹೊಡಿಯೋದು ಕಲಸಾಕ ಇಮಾನ ಹತ್ತಿ ಬಂದಾಳೇನು ಆಕಿ? ನಮ್ಮ ಓಣಿಗಿ ಬಂದಿದ್ರ ನಾವ ಆಕಿಗಿ ಕಲಸ್ತಿದ್ವಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಶಾಲೆಯ ಕಡೆ ನಡೆದಳು. ಮಂಗಸೂಳಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ನಿಂತಿದ್ದವು. ಹಾರ್ನ್ ಹೊಡೆದ ಡ್ರೈವರನಿಗೂ ಒಂದು ಬೈಗುಳ ಬಿತ್ತು.

ಶಾಲೆಯ ಹಿತ್ತಲಲ್ಲಿ ಆ ಜಪಾನಿ ಹೆಂಗಸು ಕಂಡಳು. ಮಿಯೋಷಿ ಅಂತ ಅವಳ ಹೆಸರು, ಶಾಲೆಯ ಮಕ್ಕಳಿಗೆ ಜಪಾನಿ ಅಕ್ಕೋರು. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಪ್ಯಾಂಟು ಮೇಲೆ ಮಡಚಿ, ಶೌಚಾಲಯದ ಫರಸಿಯ ಮೇಲೆ ಮೊಣಕಾಲೂರಿ ತಿಕ್ಕುತ್ತಿದ್ದಳು. ಸುತ್ತಲೂ ಐದನೆಯ ವರ್ಗದ ಮಕ್ಕಳು, ಆಚೆ ನಿಂತು ನೋಡುತ್ತಿದ್ದ ಹೆಡ್‌ಮಾಸ್ತರು. ಬೈಯಲೆಂದು ಬಾಯಿ ತೆರೆದ ಚನ್ನವ್ವ ಹಾಗೇ ನಿಂತುಬಿಟ್ಟಳು. ಮನೀಷಾಳ ಪಕ್ಕದಲ್ಲಿ, ಅದೇ ಬಕೆಟ್ಟಿನ ನೀರಿನಲ್ಲಿ ಬ್ರಶ್ ಅದ್ದುತ್ತ ಕುಳಿತವನು ರೋಹನ, ಬಾಬಾಸಾಹೇಬರ ಮೊಮ್ಮಗ! ಬಾಬಾಸಾಹೇಬರೆಂದರೆ ಊರಿನ ಅರ್ಧ ದ್ರಾಕ್ಷಿ ತೋಟದ ಮಾಲೀಕರು, ಶಾಲಾ ಸಮಿತಿಯ ಅಧ್ಯಕ್ಷರು, ಪಂಚಾಯಿತಿಯಲ್ಲೂ ಅವರದೇ ಮಾತು. ಅವರ ಮನೆಯ ಹುಡುಗ ಸಂಡಾಸ ತಿಕ್ಕುತ್ತಿದ್ದಾನೆ, ಅದೂ ನಗುನಗುತ್ತ. ಚನ್ನವ್ವನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದಾಯಿತು. ಎಲ್ಲರೂ ತಿಕ್ಕುವುದಾದರೆ ತನ್ನ ಮಗಳೂ ತಿಕ್ಕಲಿ ಬಿಡು ಎಂದು ಒಂದು ಗಳಿಗೆ ಅವಳಿಗೇ ಅನ್ನಿಸಿತು.

ಅಷ್ಟರಲ್ಲಿ ಬಾಬಾಸಾಹೇಬರ ಜೀಪು ಬಂತು.

"ಮಾಸ್ತರ, ತಲಿ ನೆಟ್ಟಗ ಐತೇನ್ರಿ ನಿಮ್ಮದು? ನಮ್ಮ ಹುಡುಗನ ಕಡಿಂದ ಸಂಡಾಸ ತಿಕ್ಕಸ್ತೀರಿ?" ಮೊಮ್ಮಗನ ರಟ್ಟೆ ಹಿಡಿದು ಎಬ್ಬಿಸಿದರು. "ನಡಿಯೋ ಮನೀಗಿ. ಹೊರಗ ಜಳಕಾ ಮಾಡಿ ಒಳಗ ಬಾ."

ರೋಹನ ಅಳುತ್ತ ಜೀಪು ಹತ್ತಿದ. ಬಾಬಾಸಾಹೇಬರು ಅಲ್ಲೇ ನಿಂತರು. ಹೆಡ್‌ಮಾಸ್ತರ ಮುಖದಲ್ಲಿ ಬೆವರು. ಸನ್ಮತಿಯನ್ನು ಗಿಡಗಳಿಗೆ ನೀರು ಹಾಕಲು ಕಳಿಸಿದರು. ಕುನಾಲನನ್ನು ಸೀಮೆಸುಣ್ಣ ತರಲು ಅಟ್ಟಿದರು. ಸೀಮಾಳಿಗೆ ಆಫೀಸಿನ ಕುರ್ಚಿ ಒರೆಸುವ ಕೆಲಸ ಸಿಕ್ಕಿತು. ಹೀಗೆ ಒಬ್ಬೊಬ್ಬರೇ ಎದ್ದುಹೋದರು. ಮನೀಷಾಳನ್ನೂ ಅವಳ ಓಣಿಯ ಇನ್ನಿಬ್ಬರನ್ನೂ ಮಾತ್ರ ಅವರು ಎಲ್ಲಿಗೂ ಕಳಿಸಲಿಲ್ಲ.

ಮಿಯೋಷಿ ತಲೆಯೆತ್ತಿ, ಖಾಲಿಯಾದ ಜಾಗ ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಹೆಡ್‌ಮಾಸ್ತರು ಹಲ್ಲು ಬಿಟ್ಟು ಏನೋ ಹೇಳಿದರು.

"ಏನಂದ್ರಬೇ?" ಚನ್ನವ್ವ ಮಗಳನ್ನು ಕೇಳಿದಳು.

"ಅವರ ಪಾಳಿ ಮುಗೀತು ಅಂದ್ರವ್ವ," ಎಂದಳು ಮನೀಷಾ. ಅವಳು ತಲೆ ಎತ್ತಲಿಲ್ಲ, ತಿಕ್ಕುವುದನ್ನು ನಿಲ್ಲಿಸಲೂ ಇಲ್ಲ.

ಚನ್ನವ್ವ ಒಳಗೆ ನುಗ್ಗಿದಳು. ಮಗಳ ಕೈಯಿಂದ ಬ್ರಶ್ ಕಸಿದುಕೊಂಡಳು.

"ಇವರದೂ ಪಾಳಿ ಮುಗೀತ್ರಿ, ಸರ್ರ. ಏಳ್ರಿ ಮೂರೂ ಮಂದಿ!"

"ಏ ಚನ್ನವ್ವಾ, ಪಂಚಾಯಿತಿ ಪಗಾರ ತಿಂತೀಯಲ್ಲ, ಹಂಗಾರ ನೀನ ತಿಕ್ಕು," ಎಂದರು ಬಾಬಾಸಾಹೇಬರು.

"ಆ ಪಗಾರ ರಸ್ತಾಕ್ಕ ಕೊಡ್ತಾರ್ರಿ ಸಾವಕಾರ್ರ. ಇದು ಸಾಲಿ. ಇಲ್ಲಿ ನಿಮ್ಮ ಹುಡುಗನ ಜಾಗಾ ಖಾಲಿ ಬಿದ್ದೈತಿ. ಬರ್ರಿ, ಕೂಡ್ರಿ."

ಜಪಾನಿ ಅಕ್ಕೋರಿಗೆ ಒಂದಕ್ಷರ ತಿಳಿಯಲಿಲ್ಲ. ಹಿರಿಯರೂ ಕೈಜೋಡಿಸಲು ಬಂದಿದ್ದಾರೆಂದೇ ಭಾವಿಸಿದಳೇನೋ, ಮುಖ ಅರಳಿತು. ಒದ್ದೆ ಬಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ, ಬಾಬಾಸಾಹೇಬರ ಮುಂದೆ ಚಾಚಿದಳು. ಬಾಬಾಸಾಹೇಬರು ಹಾವು ಕಂಡವರಂತೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಕೆ ಅವರ ಮುಖ ನೋಡಿದಳು, ಆಮೇಲೆ ಆ ಮೂವರು ಮಕ್ಕಳನ್ನು ನೋಡಿದಳು. ನಗು ಮಾಯವಾಯಿತು. ಇದಕ್ಕೆ ಇಂಗ್ಲಿಷೂ ಬೇಕಾಗಲಿಲ್ಲ, ಕನ್ನಡವೂ ಬೇಕಾಗಲಿಲ್ಲ.

"ನಾಳಿಂದ ಪಂಚಾಯಿತಿ ಹೊಸ್ತಲಾ ತುಳದ್ರ ನೋಡು," ಎಂದು ಚನ್ನವ್ವನಿಗೆ ಬೆರಳು ತೋರಿಸಿ ಬಾಬಾಸಾಹೇಬರು ಜೀಪಿನತ್ತ ನಡೆದರು.

ಅವರು ಹೇಳಿದರೆ ಮುಗಿಯಿತು, ಕೆಲಸ ಹೋದಂತೆಯೇ. ಆದರೂ ಚನ್ನವ್ವ ಸೆರಗಿನಿಂದ ಮಗಳ ಕೈ ಒರೆಸಿ, ಮೂವರನ್ನೂ ವರ್ಗಕ್ಕೆ ಕಳಿಸಿದಳು.

ಮಿಯೋಷಿ ಬಟ್ಟೆಯನ್ನು ಹೆಡ್‌ಮಾಸ್ತರತ್ತ ತಿರುಗಿಸಿದಳು. ಈ ಸಲ ನಡು ಬಗ್ಗಿಸಲಿಲ್ಲ. ಹೆಡ್‌ಮಾಸ್ತರು ಜೀಪಿನ ಧೂಳನ್ನು ನೋಡಿದರು, ಆಕೆಯನ್ನು ನೋಡಿದರು, ಕೊನೆಗೆ ಪ್ಯಾಂಟು ಮಡಚಿ ಕೆಳಗೆ ಕುಳಿತರು.

ಚನ್ನವ್ವ ಬಾಗಿಲಿಗೆ ಒರಗಿ ನಿಂತಳು. ಇನ್ನು ಅವಳಿಗೆ ಯಾವ ಅವಸರವೂ ಇರಲಿಲ್ಲ.

"ಆ ಮೂಲ್ಯಾಗ ಇನ್ನ ಹೊಲಸ ಐತ್ರಿ, ಸರ್ರ," ಎಂದಳು.